ಒಗ್ಗರಣೆ ಸೌಟು ದೂರ ಇಡಿ: ಮನೆಯಲ್ಲೇ ವಿಯೆಟ್ನಾಂ ಕೋಳಿ ಫೋ

ಮೊದಲ ಸಲ ನಾನು ಫೋ ಮಾಡಿದಾಗ ಅಮ್ಮ ಒಂದು ಚಮಚ ಬಾಯಿಗಿಟ್ಟು, "ಏನೇ ಇದು, ಕುಷ್ಕಾ ಮಾಡೋಕೆ ಹೋಗಿ ಅಕ್ಕಿ ಹಾಕೋದು ಮರೆತ್ಯಾ?" ಅಂದಳು. ಅಮ್ಮನ ಮಾತಲ್ಲಿ ತಪ್ಪಿರಲಿಲ್ಲ. ಚಕ್ಕೆ, ಲವಂಗ, ಚಕ್ರಮೊಗ್ಗು ಎಲ್ಲ ಕಣ್ಣಳತೆಯಲ್ಲಿ ಹಾಕಿದ್ದೆ, ಅಂದರೆ ಬಿರಿಯಾನಿ ಮಾಡಿ ಮಾಡಿ ರೂಢಿಯಾದ ಅಳತೆಯಲ್ಲಿ. ಸಾಲದ್ದಕ್ಕೆ ದೊಡ್ಡ ಉರಿಯಲ್ಲಿ ಒಂದು ಗಂಟೆ ಕೊತಕೊತ ಕುದಿಸಿದ್ದೆ. ಕೊನೆಗೆ ಪಾತ್ರೆಯಲ್ಲಿ ಉಳಿದದ್ದು ಗರಂ ಮಸಾಲೆ ವಾಸನೆಯ ಬೂದು ನೀರು.

ಫೋ ಅಂದರೆ ತಿಳಿಯಾದ ಮಾಂಸದ ಸಾರು, ಅದರೊಳಗೆ ಅಗಲ ಅಕ್ಕಿ ನೂಡಲ್ಸ್, ಮೇಲೆ ಒಂದಿಷ್ಟು ಮಾಂಸ, ಸೊಪ್ಪು. ಅಷ್ಟೇ. ಅರೆದ ಮಸಾಲೆ ಇಲ್ಲ, ಖಾರದ ಪುಡಿ ಇಲ್ಲ, ಒಗ್ಗರಣೆ ಇಲ್ಲ. ಹಾಗಾಗಿ ಸಾರು ಕೆಟ್ಟರೆ ಅದನ್ನು ಮುಚ್ಚಿಡೋಕೆ ಬೇರೆ ಏನೂ ಇರುವುದಿಲ್ಲ. ನಮ್ಮಂಥವರಿಗೆ ಇದರಲ್ಲಿ ಕಷ್ಟ ಅನಿಸೋದು ಅಡುಗೆಯಲ್ಲ, ಕೈ ಕಟ್ಟಿಕೊಂಡು ಕೂರೋದು. ಕಲಕಬಾರದು, ಉರಿ ಜಾಸ್ತಿ ಮಾಡಬಾರದು, "ಇನ್ನೊಂಚೂರು ಏನಾದ್ರೂ ಹಾಕೋಣ" ಅನ್ನಬಾರದು.

ಹೆಸರಿನ ಬಗ್ಗೆ ಒಂದು ಮಾತು. ನಾವು ಫೋ ಅಂತ ಬರೆದರೂ ಅವರು ಹೇಳುವಾಗ ಕೊನೆಗೆ ಬರೋದು 'ಓ' ಅಲ್ಲ, 'ಅ'ಗೆ ಹತ್ತಿರದ ಸ್ವರ. ದನಿ ಸ್ವಲ್ಪ ಇಳಿದು ಮತ್ತೆ ಏರುತ್ತದೆ, ಏನೋ ಕೇಳುತ್ತಿರುವ ಹಾಗೆ. 'ಫೋ' ಅಂತ ನೇರವಾಗಿ ಅಂದರೆ ಬೀದಿ ಅನ್ನೋ ಅರ್ಥದ ಇನ್ನೊಂದು ಪದದ ಹತ್ತಿರ ಹೋಗಿಬಿಡುತ್ತದೆ. ಪರವಾಗಿಲ್ಲ, ಫೋ ಸಿಗೋದೂ ಬೀದಿಯಲ್ಲೇ ಅಲ್ವಾ.

ಯಾಕೆ ಕೋಳಿ?

ಫೋ ಹುಟ್ಟಿದ್ದು ಉತ್ತರ ವಿಯೆಟ್ನಾಮಿನಲ್ಲಿ, ಹನೋಯಿ ಮತ್ತು ಅದರ ದಕ್ಷಿಣಕ್ಕಿರುವ ನಾಮ್ ದಿನ್ ಕಡೆ, 20ನೇ ಶತಮಾನದ ಶುರುವಿನಲ್ಲಿ. ಆಗ ಅಲ್ಲಿ ಫ್ರೆಂಚರ ಆಳ್ವಿಕೆ. ಅವರಿಗಾಗಿ ದನದ ಮಾಂಸ ಕಡಿಯುವುದು ಹೆಚ್ಚಾಯಿತು, ಮೂಳೆ ಮಿಕ್ಕಿತು. ಆ ಮೂಳೆಯ ಸಾರಿಗೆ ಅಕ್ಕಿ ನೂಡಲ್ಸ್ ಹಾಕಿ, ಹೆಗಲ ಮೇಲಿನ ಅಡ್ಡೆಯಲ್ಲಿ ಒಂದು ಕಡೆ ಒಲೆ-ಪಾತ್ರೆ, ಇನ್ನೊಂದು ಕಡೆ ಬಟ್ಟಲು-ಸೊಪ್ಪು ಹೊತ್ತು ಬೀದಿ ಬೀದಿ ಮಾರುತ್ತಿದ್ದರು. ಅಂದರೆ ಮೂಲ ಫೋ ದನದ ಮಾಂಸದ್ದೇ. ಕೋಳಿ ಫೋ ಬಂದದ್ದು ಆಮೇಲೆ. 1939ರಲ್ಲಿ ಹನೋಯಿಯಲ್ಲಿ ಸೋಮವಾರ ಮತ್ತು ಶುಕ್ರವಾರ ದನದ ಮಾಂಸ ಮಾರುವಂತಿರಲಿಲ್ಲ, ಆ ದಿನಗಳಿಗೆ ಅಂತ ಕೋಳಿ ಹಾಕಿದರು ಅಂತ ಹೇಳುತ್ತಾರೆ. ಹಳಬರು ಗೊಣಗಿದರಂತೆ. ಈಗ ಅದಕ್ಕೇ ಬೇರೆ ಅಂಗಡಿಗಳಿವೆ.

ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ನಾನು ಹೇಳೋದು ಕೋಳಿಯದ್ದೇ. ನಮ್ಮಲ್ಲಿ ಎಲ್ಲರ ಮನೆಗೂ ದನದ ಮಾಂಸ ಬರುವುದಿಲ್ಲ ಅನ್ನೋದು ಒಂದು ಕಾರಣ. ಇನ್ನೊಂದು, ದನದ ಮೂಳೆಗೆ ಎಂಟು ಗಂಟೆ ಬೇಕಾದರೆ ಕೋಳಿಗೆ ಮೂರು ಗಂಟೆ ಸಾಕು.

ಅಂಗಡಿಯಲ್ಲಿ

ಇಲ್ಲಿ ಕೊಟ್ಟಿರುವ ಅಳತೆ 5–6 ಜನಕ್ಕೆ.

ಕೋಳಿ ಅಂಗಡಿಯಲ್ಲಿ ಮೊದಲು ಬಾಯಿ ಬಿಟ್ಟು ಹೇಳಿ: "ಚರ್ಮ ತೆಗೀಬೇಡಿ, ಪೀಸ್ ಮಾಡಬೇಡಿ, ಪೂರ್ತಿ ಕೊಡಿ." ಇಲ್ಲದಿದ್ದರೆ ನೀವು ದುಡ್ಡು ಎಣಿಸುವಷ್ಟರಲ್ಲಿ ಅದು ಹದಿನಾರು ತುಂಡಾಗಿರುತ್ತದೆ. ಒಂದೂವರೆ ಕಿಲೋದ ಕೋಳಿ ಬೇಕು. ಜೊತೆಗೆ ಅರ್ಧ ಕಿಲೋ ಕೋಳಿ ಕಾಲು, ಕತ್ತು, ಬೆನ್ನು. ಕಾಲಿನಲ್ಲಿ ಅಂಟು ಜಾಸ್ತಿ, ಸಾರು ನಾಲಗೆ ಮೇಲೆ ಸ್ವಲ್ಪ ನಿಲ್ಲೋದು ಅದರಿಂದಲೇ. ನಾಟಿ ಕೋಳಿ ಸಿಕ್ಕರೆ ಇನ್ನೂ ಒಳ್ಳೆಯದು, ಬೇಯೋಕೆ ಹೊತ್ತು ಹಿಡಿಯುತ್ತದೆ ಅಷ್ಟೇ. ನಾಟಿ ಹೇಂಟೆಯ ಹೊಟ್ಟೆಯಲ್ಲಿ ಇನ್ನೂ ಇಡದ ಹಳದಿ ಮೊಟ್ಟೆಗಳು ಸಿಕ್ಕರೆ ಬಿಸಾಡಬೇಡಿ. ಹನೋಯಿಯಲ್ಲಿ ಅವನ್ನು ಬೇಯಿಸಿ ಫೋ ಮೇಲೆ ಇಡುತ್ತಾರೆ, ಅದಕ್ಕೆ ಜಾಸ್ತಿ ದುಡ್ಡು ಕೊಟ್ಟು ತಿನ್ನುವವರಿದ್ದಾರೆ. ನಮ್ಮ ಹಳ್ಳಿ ಮನೆಗಳಲ್ಲಿ ಮಕ್ಕಳು ಜಗಳ ಆಡುತ್ತಿದ್ದದ್ದೂ ಇದಕ್ಕೇ.

ಮಸಾಲೆ ಎಲ್ಲ ದಿನಸಿ ಅಂಗಡಿಯದ್ದೇ. ಚಕ್ರಮೊಗ್ಗು 2, ಎರಡು ಇಂಚಿನ ಚಕ್ಕೆ ಒಂದು, ಲವಂಗ 3, ಕೊತ್ತಂಬರಿ ಬೀಜ 2 ದೊಡ್ಡ ಚಮಚ. ಇಷ್ಟೇ, ದಯವಿಟ್ಟು ಇಷ್ಟೇ. ಅಂಗಡಿಯಲ್ಲಿ ಸುಮ್ನೆ "ಮೊಗ್ಗು" ಅಂದರೆ ಮರಾಠಿ ಮೊಗ್ಗು ಕೊಟ್ಟುಬಿಡುತ್ತಾರೆ. ಅದು ಬೇರೆ, ಬಿಸಿಬೇಳೆಬಾತಿಗೆ ಇರಲಿ. ನಮಗೆ ಬೇಕಾದದ್ದು ನಕ್ಷತ್ರದ ಆಕಾರದ್ದು, ಕೆಲವರು ಅನಾನಸ್ ಹೂವು ಅನ್ನುತ್ತಾರೆ. ವಿಯೆಟ್ನಾಮಿನಲ್ಲಿ ಇದು ಚೀನಾ ಗಡಿಯ ಲಾಂಗ್ ಸಾನ್ ಕಡೆ ಬೆಳೆಯುತ್ತದೆ.

ಒಂದು ದೊಡ್ಡ ತುಂಡು ಶುಂಠಿ, ಸುಮಾರು 80 ಗ್ರಾಂ. ಎರಡು ಈರುಳ್ಳಿ. ಅದರ ಜೊತೆ ನಾಲ್ಕೈದು ಸಾಂಬಾರ್ ಈರುಳ್ಳಿ ಇದ್ದರೆ ವಾಸನೆ ಅಲ್ಲಿಯದಕ್ಕೆ ಇನ್ನೂ ಹತ್ತಿರ. ಕೊತ್ತಂಬರಿ ಸೊಪ್ಪು ತರುವಾಗ ಬೇರಿರುವ ಕಟ್ಟು ನೋಡಿ, ಬೇರನ್ನು ಚೆನ್ನಾಗಿ ತೊಳೆದು ಸಾರಿಗೆ ಹಾಕಬಹುದು. ಕಲ್ಲುಸಕ್ಕರೆ 20 ಗ್ರಾಂ. ಹೌದು, ಅಲ್ಲಿಯೂ ಕಲ್ಲುಸಕ್ಕರೆಯನ್ನೇ ಹಾಕೋದು, ನಮ್ಮ ಪೂಜೆ ಸಾಮಾನಿನ ಡಬ್ಬಿಯಲ್ಲಿ ಇರುವಂಥದ್ದೇ.

ಹೊರಗಿಂದ ತರಬೇಕಾದದ್ದು ಎರಡು. ಒಂದು ಮೀನಿನ ಸಾಸ್, ಅಂಗಡಿಯಲ್ಲಿ ಫಿಶ್ ಸಾಸ್ ಅಂತ ಕೇಳಿ. ಅವರು ಇದನ್ನು ನುವಕ್ ಮಾಮ್ ಅನ್ನುತ್ತಾರೆ. ಬೆರಳುದ್ದದ ಆಂಚೊವಿ ಮೀನನ್ನು ಉಪ್ಪಿನಲ್ಲಿ ಹಾಕಿ, ಫು ಕುವೋಕ್ ದ್ವೀಪದಲ್ಲಿ ಆದರೆ ದೊಡ್ಡ ಮರದ ಪೀಪಾಯಿಗಳಲ್ಲಿ ತುಂಬಿ, ಸುಮಾರು ಒಂದು ವರ್ಷ ಕೊಳೆಸಿ ಇಳಿಸುವ ರಸ. ಬಾಟಲಿ ಮುಚ್ಚಳ ತೆಗೆದು ಮೂಸಿ ನೋಡಿ ಗಾಬರಿ ಬೀಳಬೇಡಿ. ಸಾರಿಗೆ ಬಿದ್ದ ಮೇಲೆ ಆ ನಾತ ಇರುವುದಿಲ್ಲ, ರುಚಿ ಮಾತ್ರ ಉಳಿಯುತ್ತದೆ. ಇನ್ನೊಂದು ಚಪ್ಪಟೆ ಅಕ್ಕಿ ನೂಡಲ್ಸ್, ಒಣಗಿದ್ದು, 3ರಿಂದ 5 ಮಿಲಿಮೀಟರ್ ಅಗಲದ್ದು, 500 ಗ್ರಾಂ. ಸಣ್ಣ ಎಳೆಯ ಅಕ್ಕಿ ಶಾವಿಗೆ ತರಬೇಡಿ. ನಮ್ಮ ಒತ್ತು ಶಾವಿಗೆಯ ಹಾಗಿರುವ ದುಂಡು ನೂಡಲ್ಸ್ ಅಲ್ಲೂ ಇದೆ, ಅದಕ್ಕೆ ಬುನ್ ಅನ್ನುತ್ತಾರೆ, ಅದರ ಅಡುಗೆಗಳೇ ಬೇರೆ.

ಸಾರು

ಮೊದಲು ಕಾಲು, ಕತ್ತು, ಬೆನ್ನಿನ ತುಂಡುಗಳನ್ನು ತಣ್ಣೀರಿನಲ್ಲಿ ಹಾಕಿ ಒಲೆ ಮೇಲಿಡಿ. ಚೆನ್ನಾಗಿ ಕುದಿ ಬಂದ ಮೇಲೆ ಐದು ನಿಮಿಷ ಬಿಡಿ. ಕೊಳಕು ನೊರೆ ಮೇಲೆ ಬರುತ್ತದೆ. ಆ ನೀರನ್ನು ಪೂರ್ತಿ ಚೆಲ್ಲಿ, ಮೂಳೆಗಳನ್ನು ನಲ್ಲಿ ಕೆಳಗೆ ತೊಳೆದು, ಪಾತ್ರೆಯನ್ನೂ ತೊಳೆಯಿರಿ. "ರುಚಿಯೆಲ್ಲ ಹೋಗುತ್ತಲ್ಲ" ಅಂತ ನಾನೂ ಅಂದುಕೊಂಡಿದ್ದೆ. ಹೋಗೋದು ರಕ್ತ ಮತ್ತು ಕಸ. ಐದು ನಿಮಿಷದಲ್ಲಿ ಮೂಳೆಯೊಳಗಿನ ರುಚಿ ಎಲ್ಲಿಗೂ ಓಡಿಹೋಗಲ್ಲ.

ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ಈರುಳ್ಳಿ, ಶುಂಠಿ ಸುಡಿ. ಸಿಪ್ಪೆ ಸಮೇತ, ನೇರ ಬೆಂಕಿಗೆ, ಗೊಜ್ಜಿಗೆ ಬದನೆಕಾಯಿ ಸುಡ್ತೀವಲ್ಲ ಹಾಗೇ. ಈರುಳ್ಳಿ ಹೊರಗೆ ಇದ್ದಿಲಾಗಿ, ಒತ್ತಿದರೆ ಮೆತ್ತಗಾಗಿ, ಬುಡದಿಂದ ಸಿಹಿ ರಸ ಜಿನುಗಿ ಚುರ್ ಅನ್ನಬೇಕು. ಹತ್ತು ಹದಿನೈದು ನಿಮಿಷ. ಆರಿದ ಮೇಲೆ ಕಪ್ಪು ಸಿಪ್ಪೆ ಉಜ್ಜಿ ತೆಗೆಯಿರಿ, ಅಲ್ಲಲ್ಲಿ ಸ್ವಲ್ಪ ಉಳಿದರೆ ಇರಲಿ, ಜಾಸ್ತಿ ಬಿಟ್ಟರೆ ಸಾರು ಕಪ್ಪಾಗಿ ಕಹಿಯಾಗುತ್ತದೆ. ಶುಂಠಿಯನ್ನು ಒಮ್ಮೆ ಜಜ್ಜಿ. ಈ ಸುಟ್ಟ ವಾಸನೆ ಇಲ್ಲದಿದ್ದರೆ ಅದು ಕೋಳಿ ಸೂಪು, ಫೋ ಅಲ್ಲ.

ಈಗ ದೊಡ್ಡ ಪಾತ್ರೆಗೆ 4 ಲೀಟರ್ ನೀರು, ತೊಳೆದ ಮೂಳೆ, ಸುಟ್ಟ ಈರುಳ್ಳಿ-ಶುಂಠಿ, ಒಂದು ದೊಡ್ಡ ಚಮಚ ಉಪ್ಪು, ಕಲ್ಲುಸಕ್ಕರೆ. ಅದರೊಳಗೆ ಇಡೀ ಕೋಳಿಯನ್ನು ಎದೆ ಕೆಳಗೆ ಮಾಡಿ ಇಳಿಸಿ. ಕುದಿ ಬರುವ ಹೊತ್ತಿಗೆ ಅಲ್ಲೇ ನಿಂತಿರಿ. ಮೊದಲ ಗುಳ್ಳೆ ಕಂಡ ಕೂಡಲೇ ಉರಿ ಇಳಿಸಿ, ಇನ್ನೂ ಇಳಿಸಿ. ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು, ಅದಕ್ಕಿಂತ ಜಾಸ್ತಿ ಬೇಡ. ಮುಚ್ಚಳ ಬೇಡ. ಕೊತಕೊತ ಕುದಿದರೆ ಕೊಬ್ಬು ಚಿಕ್ಕ ಚಿಕ್ಕ ಹನಿಯಾಗಿ ಒಡೆದು ನೀರಿನಲ್ಲಿ ಬೆರೆತುಹೋಗುತ್ತದೆ, ಆಮೇಲೆ ಎಷ್ಟು ಸೋಸಿದರೂ ತಿಳಿಯಾಗಲ್ಲ. ನನ್ನ ಮೊದಲ ಸಲದ ಬೂದು ನೀರು ಹಾಗೆ ಆದದ್ದು.

ಫಾರಂ ಕೋಳಿ ಆದರೆ ಈ ಸಣ್ಣ ಉರಿಯಲ್ಲಿ 35 ನಿಮಿಷ, ಆಮೇಲೆ ಒಲೆ ಆರಿಸಿ ಮುಚ್ಚಿ 20 ನಿಮಿಷ. ತೊಡೆಯ ದಪ್ಪ ಜಾಗಕ್ಕೆ ಕಡ್ಡಿ ಚುಚ್ಚಿ ನೋಡಿ, ಬರುವ ನೀರು ತಿಳಿಯಾಗಿರಬೇಕು. ಕೆಂಪಗಿದ್ದರೆ ಇನ್ನೂ ಬೇಯಲಿ. ಥರ್ಮಾಮೀಟರ್ ಇದ್ದವರು 74 ಡಿಗ್ರಿ ನೋಡಿಕೊಳ್ಳಿ. ನಾಟಿ ಕೋಳಿಗೆ ಒಂದು ಗಂಟೆ, ಹಟಮಾರಿ ಆದರೆ ಒಂದೂವರೆ.

ಬೆಂದ ಕೋಳಿಯನ್ನು ಹುಷಾರಾಗಿ ಎತ್ತಿ ಐಸ್ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ. ಚರ್ಮ ಬಿಗಿಯಾಗಿ, ಹಳದಿಯಾಗಿ ನಿಲ್ಲುತ್ತದೆ. ಹಾಗೇ ಬಿಟ್ಟರೆ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಎದೆ, ತೊಡೆ ಬಿಡಿಸಿ ಬೇರೆ ಇಡಿ, ಉಳಿದ ಗೂಡನ್ನು ವಾಪಸ್ ಸಾರಿಗೆ ಹಾಕಿ. ಇನ್ನೂ ಒಂದೂವರೆ ಗಂಟೆ ಅದೇ ಸಣ್ಣ ಉರಿ. ಮಧ್ಯೆ ಮಧ್ಯೆ ನೊರೆ ತೆಗೆಯಿರಿ. ಸೌಟು ಹಾಕಿ ಕಲಕಬೇಡಿ.

ಮಸಾಲೆಯ ಸರದಿ ಕೊನೆಯ ಅರ್ಧ ಗಂಟೆಗೆ. ಒಣ ಬಾಣಲೆಯಲ್ಲಿ ಘಮ್ ಅನ್ನುವವರೆಗೆ ಹುರಿದು, ತೆಳು ಬಟ್ಟೆಯಲ್ಲಿ ಕಟ್ಟಿ, ಕೊತ್ತಂಬರಿ ಬೇರಿನ ಜೊತೆ ಪಾತ್ರೆಗೆ ಇಳಿಬಿಡಿ. ಗಂಟು ಕಟ್ಟೋದು ಯಾಕೆಂದರೆ ಬೇಕೆಂದಾಗ ಎತ್ತಿ ಬಿಸಾಡಬಹುದು. ಇಪ್ಪತ್ತು ನಿಮಿಷಕ್ಕೇ ಒಮ್ಮೆ ರುಚಿ ನೋಡಿ. ಮೊದಲು ಕೋಳಿ ಗೊತ್ತಾಗಬೇಕು, ಚಕ್ರಮೊಗ್ಗು ಹಿಂದಿನಿಂದ ಬಂದ ಹಾಗಿರಬೇಕು. ಚಕ್ರಮೊಗ್ಗೇ ಮುಂದೆ ನಿಂತಿದ್ದರೆ ಕೂಡಲೇ ಗಂಟು ಎತ್ತಿಬಿಡಿ.

ತೆಳು ಬಟ್ಟೆಯಲ್ಲಿ ಸೋಸಿ. 3 ಲೀಟರ್ ಹತ್ತಿರ ಉಳಿದಿರುತ್ತದೆ. ಈಗ 3 ದೊಡ್ಡ ಚಮಚ ಮೀನಿನ ಸಾಸ್, ಒಂದೊಂದೇ ಚಮಚ ಹಾಕಿ ರುಚಿ ನೋಡುತ್ತಾ. ಸುಮ್ನೆ ಕುಡಿಯೋಕೆ ಉಪ್ಪು ಒಂಚೂರು ಮುಂದಿದೆ ಅನಿಸಬೇಕು, ಯಾಕೆಂದರೆ ನೂಡಲ್ಸಿಗೆ ಉಪ್ಪೇ ಇಲ್ಲ. ಅಜಿನೊಮೊಟೊ ಹಾಕಬೇಕಾ ಅಂತ ಕೇಳುವವರಿಗೆ: ಅಲ್ಲಿನ ಅಂಗಡಿಗಳಲ್ಲಿ ಹಾಕುತ್ತಾರೆ, ಮುಚ್ಚುಮರೆ ಇಲ್ಲದೆ. ಅರ್ಧ ಚಿಕ್ಕ ಚಮಚ ಹಾಕಿದರೆ ರುಚಿ ಎದ್ದು ಕಾಣೋದು ನಿಜ. ಕೋಳಿ ಕಾಲು ಚೆನ್ನಾಗಿ ಬಿದ್ದಿದ್ದರೆ ನಾನು ಹಾಕಲ್ಲ.

ಕುಕ್ಕರಿನಲ್ಲಿ ಆಗಲ್ವಾ? ಆಗುತ್ತದೆ, ಮೂಳೆಗಳಿಗೆ ಮಾತ್ರ. ಆದರೆ ಒಂದು ಸಿಟಿ ಬಂದ ಕೂಡಲೇ ಉರಿ ಪೂರ್ತಿ ಸಣ್ಣ ಮಾಡಿ 35 ನಿಮಿಷ ಬಿಟ್ಟು, ಪ್ರೆಶರ್ ತಾನಾಗೇ ಇಳಿಯುವವರೆಗೆ ಕಾಯಬೇಕು. ಸಿಟಿ ಮೇಲೆ ಸಿಟಿ ಹೊಡೆಸಿದರೆ ಒಳಗೆ ಕುದಿ ಎದ್ದು ಮತ್ತದೇ ಬೂದು ನೀರು. ಇಡೀ ಕೋಳಿಯನ್ನು ಕುಕ್ಕರಿಗೆ ಹಾಕಬೇಡಿ, ಎದೆ ಮಾಂಸ ನಾರಾಗುತ್ತದೆ.

ನೂಡಲ್ಸ್ ಮತ್ತು ಬಟ್ಟಲು

ಒಣ ನೂಡಲ್ಸನ್ನು ಸಾದಾ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ. ಬಗ್ಗಬೇಕು, ಆದರೆ ಕಚ್ಚಿದರೆ ಒಳಗೆ ಇನ್ನೂ ಗಟ್ಟಿ ಇರಬೇಕು. ಪ್ಯಾಕೆಟ್ ಮೇಲೆ ಬರೆದ ಹಾಗೆ ಹತ್ತು ನಿಮಿಷ ಕುದಿಸಿದರೆ ಬಟ್ಟಲಿಗೆ ಬರುವಷ್ಟರಲ್ಲಿ ಗಂಜಿ. ಬೇರೆ ಪಾತ್ರೆಯಲ್ಲಿ ನೀರು ಕುದಿಸಿಟ್ಟು, ಒಬ್ಬೊಬ್ಬರದ್ದೇ ಒಂದೊಂದು ಹಿಡಿ ಜಾಲರಿಯಲ್ಲಿ ಹಾಕಿ 20–30 ಸೆಕೆಂಡ್ ಅದ್ದಿ ತೆಗೆಯಿರಿ. ಸಾರಿನ ಪಾತ್ರೆಯಲ್ಲೇ ಬೇಯಿಸಬೇಡಿ, ಅಕ್ಕಿಯ ಗಂಜಿ ಬಿಟ್ಟು ಅಷ್ಟು ಹೊತ್ತು ಕಾದ ತಿಳಿಯೆಲ್ಲ ಹಾಳು.

ಹೊಸ ನೂಡಲ್ಸ್ ಮನೆಯಲ್ಲೇ ಮಾಡುವ ಉಮೇದಿದ್ದರೆ, ಒಂದು ಕಪ್ ಅಕ್ಕಿ ಹಿಟ್ಟು, ಕಾಲು ಕಪ್ ಮರಗೆಣಸಿನ ಪಿಷ್ಟ, ಎರಡು ಕಪ್ ನೀರು, ಚಿಟಿಕೆ ಉಪ್ಪು ಕಲಸಿ ಅರ್ಧ ಗಂಟೆ ಬಿಡಿ. ಎಣ್ಣೆ ಸವರಿದ ತಟ್ಟೆ ಇಡ್ಲಿಯ ತಟ್ಟೆಗೆ ತೆಳ್ಳಗೆ ಹುಯ್ದು ಮೂರು ನಿಮಿಷ ಹಬೆಯಲ್ಲಿ ಬೇಯಿಸಿ, ಸುಲಿದು, ಎಣ್ಣೆ ಸವರಿ, ಕತ್ತರಿಸಿ. ಅಲ್ಲಿ ಕುದಿವ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು ಅದರ ಮೇಲೆ ಹಿಟ್ಟು ಹರಡುತ್ತಾರೆ. ನಾನು ಎರಡು ಸಲ ಮಾಡಿದೆ, ಚೆನ್ನಾಗಿತ್ತು, ಮೂರನೇ ಸಲ ಪ್ಯಾಕೆಟ್ ತಂದೆ.

ಹನೋಯಿಯ ಹಳೇ ಪೇಟೆಯಲ್ಲಿ ಬೆಳಿಗ್ಗೆ ಆರೂವರೆಗೆ, ಮೊಣಕಾಲೆತ್ತರವೂ ಇಲ್ಲದ ನೀಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಒಬ್ಬ ಅಜ್ಜಿ ಫೋ ಕಟ್ಟೋದನ್ನು ನೋಡಿದ್ದೆ. ಜಾಲರಿಯನ್ನು ಬಿಸಿ ನೀರಿಗೆ ಅದ್ದಿ, ಎತ್ತಿ, ಮೂರು ಸಲ ಜಾಡಿಸಿ ಬಟ್ಟಲಿಗೆ ಕವುಚಿದಳು. ಮೇಲೆ ಕೋಳಿ, ಬಿಸಿನೀರಲ್ಲಿ ಅದ್ದಿದ ಈರುಳ್ಳಿ ಸೊಪ್ಪಿನ ಬಿಳಿ ಬುಡ, ಕೂದಲೆಳೆಯ ಹಾಗೆ ಹೆಚ್ಚಿದ ನಿಂಬೆ ಗಿಡದ ಎಲೆ. ಆಮೇಲೆ ಸೌಟು. ಅದನ್ನು ಪಾತ್ರೆಯ ತಳಕ್ಕೆ ಇಳಿಸಲೇ ಇಲ್ಲ. ಮೇಲಿನ ತಿಳಿಯನ್ನಷ್ಟೇ ಬಾಚಿ ಹುಯ್ದಳು, ಥೇಟ್ ನಮ್ಮಲ್ಲಿ ಜ್ವರ ಬಂದವರಿಗೆ ತಿಳಿಸಾರು ಬಡಿಸುವ ಹಾಗೆ. ಬಟ್ಟಲಿನ ತಳದಲ್ಲಿದ್ದ ನೀಲಿ ಹೂವಿನ ಚಿತ್ರ ಸಾರಿನೊಳಗಿಂದ ಕಾಣುತ್ತಿತ್ತು.

ನೀವೂ ಹಾಗೇ ಮಾಡಿ. ಬಟ್ಟಲಿಗೆ ಮೊದಲು ಬಿಸಿನೀರು ಹಾಕಿ ಚೆಲ್ಲಿ, ತಣ್ಣನೆ ಬಟ್ಟಲು ಸಾರನ್ನು ಆರಿಸಿಬಿಡುತ್ತದೆ. ನೂಡಲ್ಸ್ ಅರ್ಧ ಬಟ್ಟಲು ಮೀರದಿರಲಿ. ಚರ್ಮ ಸಮೇತ ಹೆಚ್ಚಿದ ಕೋಳಿ, ತೆಳ್ಳಗೆ ಹೆಚ್ಚಿ ತಣ್ಣೀರಲ್ಲಿ ನೆನೆಸಿದ ಈರುಳ್ಳಿ, ಈರುಳ್ಳಿ ಸೊಪ್ಪು, ಕೊತ್ತಂಬರಿ, ನಿಂಬೆ ಎಲೆ, ಕಾಳುಮೆಣಸಿನ ಪುಡಿ. ಸಾರು ಮಾತ್ರ ಈಗ ಚೆನ್ನಾಗಿ ಕುದಿಯುತ್ತಿರಬೇಕು, ಒಬ್ಬರಿಗೆ 400–450 ಮಿಲಿಲೀಟರ್. ಹುಯ್ದ ಕೂಡಲೇ ಕೂತು ತಿನ್ನಿ. ಒಂದು ಕೈಯಲ್ಲಿ ಕಡ್ಡಿ, ಇನ್ನೊಂದರಲ್ಲಿ ಚಮಚ. ಸುರ್ ಅನ್ನಿಸಿದರೆ ಯಾರೂ ಏನೂ ಅಂದುಕೊಳ್ಳಲ್ಲ.

ನಿಂಬೆ ಹಿಂಡುವ ಮೊದಲು ಎರಡು ಚಮಚ ಸಾರು ಹಾಗೇ ಕುಡಿಯಿರಿ. ಮೂರು ಗಂಟೆ ಕಾದದ್ದು ಅದಕ್ಕೇ ತಾನೇ.

ಪಕ್ಕಕ್ಕೆ ಏನೇನು ಇಡಬೇಕು ಅನ್ನೋದು ನೀವು ಉತ್ತರದವರೋ ದಕ್ಷಿಣದವರೋ ಅನ್ನೋದರ ಮೇಲೆ. ಹನೋಯಿಯಲ್ಲಿ ಬೆಳ್ಳುಳ್ಳಿ ಹಾಕಿದ ವಿನೆಗರ್, ಹಸಿ ಮೆಣಸಿನಕಾಯಿ, ಅದ್ದಿ ತಿನ್ನೋಕೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉದ್ದ ತುಂಡು, ಅಷ್ಟೇ. 1954ರಲ್ಲಿ ದೇಶ ಎರಡಾದಾಗ ಲಕ್ಷಾಂತರ ಜನ ಉತ್ತರದಿಂದ ದಕ್ಷಿಣಕ್ಕೆ ಹೋದರು, ಅವರ ಜೊತೆ ಫೋ ಕೂಡ ಸೈಗಾನಿನಲ್ಲಿ ಬೇರೂರಿತು. ಅಲ್ಲಿ ಅದಕ್ಕೆ ಹೆಸರುಕಾಳಿನ ಉದ್ದ ಮೊಳಕೆ, ಬುಟ್ಟಿ ತುಂಬ ಸೊಪ್ಪು, ಸಿಹಿ ಹೊಯ್ಸಿನ್ ಸಾಸ್, ಕೆಂಪು ಚಿಲ್ಲಿ ಸಾಸ್ ಸೇರಿಕೊಂಡವು. ಹನೋಯಿಯವರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ನನಗೆ ಸೊಪ್ಪು ಇಷ್ಟ, ಸಾಸ್ ಬೇಡ. ಅಲ್ಲಿನ ತುಳಸಿಯಂಥ ಸೊಪ್ಪಿಗೆ ನಮ್ಮ ಕಾಮಕಸ್ತೂರಿ ಹಾಕಿ, ಅದೇ ಜಾತಿಯ ಗಿಡ. ಪೂಜೆಯ ತುಳಸಿ ಹಾಕಿದರೆ ಕಷಾಯ ಕುಡಿದ ಹಾಗಾಗುತ್ತದೆ.

ಸಸ್ಯಾಹಾರಿಗಳಿಗೆ

ಇದು ನಮಗಾಗಿ ತಿರುಚಿದ್ದಲ್ಲ. ಅಲ್ಲಿ ಬೌದ್ಧರು ಚಾಂದ್ರಮಾನ ತಿಂಗಳ 1ನೇ ಮತ್ತು 15ನೇ ದಿನ ಮಾಂಸ ಬಿಡುತ್ತಾರೆ, ಅಂದು ತಿನ್ನೋದು ಫೋ ಚಾಯ್. ದೇವಾಲಯದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ, ನಮ್ಮ ಕೆಲವು ಮನೆಗಳ ಹಾಗೇ. ಮೂಲಂಗಿ 300 ಗ್ರಾಂ, ಎರಡು ಕ್ಯಾರೆಟ್, ಎರಡು ಎಳೆ ಜೋಳದ ತೆನೆ, ಕಾಲು ಎಲೆಕೋಸು, ಹಣ್ಣಾದ ಒಂದು ಸೇಬು, ಎಂಟು ಹತ್ತು ಒಣ ಶಿಟಾಕೆ ಅಣಬೆ, ಎರಡೂವರೆ ಲೀಟರ್ ನೀರು. ಅಣಬೆಯನ್ನು ಮೊದಲೇ ನೆನೆಸಿ, ಆ ನೀರನ್ನೂ ಹಾಕಿ. ಸುಟ್ಟ ಶುಂಠಿ, ಹುರಿದ ಅದೇ ಮಸಾಲೆ ಗಂಟು, ಒಂದು ಗಂಟೆ ಸಣ್ಣ ಉರಿ. ಮೀನಿನ ಸಾಸ್ ಬದಲು ಸೋಯಾ ಸಾಸ್, ಆದರೆ ತಿಳಿ ಬಣ್ಣದ್ದು, ಕಪ್ಪನೆಯದು ಹಾಕಿದರೆ ಗೋಬಿ ಮಂಚೂರಿ ನೆನಪಾಗುತ್ತದೆ. ಮೇಲಕ್ಕೆ ಕರಿದ ತೋಫು, ಹುರಿದ ಅಣಬೆ. ಅಣಬೆ ಬೇಡ ಅನ್ನುವವರಿಗೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ, ಸಾರಿಗೆ ದಪ್ಪ ರುಚಿ ಕೊಡೋದು ಅದೇ.

ಅಂದ ಹಾಗೆ ಮಾಂಸ ಇಲ್ಲದ ಇನ್ನೊಂದು ಫೋ ಅಲ್ಲಿತ್ತು. ಯುದ್ಧ ಮತ್ತು ರೇಷನ್ ಕಾಲದಲ್ಲಿ ಸರ್ಕಾರಿ ಅಂಗಡಿಗಳಲ್ಲಿ ಸಿಗುತ್ತಿದ್ದದ್ದು ಬರೀ ನೂಡಲ್ಸ್ ಮತ್ತು ಸಾರು. ಅಮೆರಿಕದ ಪೈಲಟ್ ಇಲ್ಲದ ವಿಮಾನಗಳು ಹಾರುತ್ತಿದ್ದ ಕಾಲ ಅದು, ಜನ ಅದಕ್ಕೆ "ಚಾಲಕನಿಲ್ಲದ ಫೋ" ಅಂತ ಹೆಸರಿಟ್ಟಿದ್ದರು.

ಉಳಿದರೆ

ಸಾರು ಮತ್ತು ನೂಡಲ್ಸನ್ನು ಒಟ್ಟಿಗೆ ಎತ್ತಿಡಬೇಡಿ. ಬೆಳಿಗ್ಗೆ ನೋಡಿದರೆ ನೂಡಲ್ಸ್ ಸಾರನ್ನೆಲ್ಲ ಕುಡಿದು ಹುಳುವಿನ ಹಾಗೆ ಊದಿಕೊಂಡಿರುತ್ತದೆ. ಸಾರನ್ನು ಅಗಲ ಪಾತ್ರೆಯಲ್ಲಿ ಬೇಗ ಆರಿಸಿ ಫ್ರಿಜ್ಜಿಗಿಡಿ. ಮಾರನೇ ದಿನ ಮೇಲೆ ಕೊಬ್ಬು ಹಳದಿ ಬಿಲ್ಲೆಯಾಗಿ ಕೂತಿರುತ್ತದೆ, ಕೆಳಗಿನ ಸಾರು ಜೆಲ್ಲಿಯ ಹಾಗೆ ಅಲುಗಾಡುತ್ತದೆ. ಹಾಗಾಗಿದ್ದರೆ ಕೋಳಿ ಕಾಲು ಕೆಲಸ ಮಾಡಿದೆ ಅಂತ ಲೆಕ್ಕ. ಮೂರು ದಿನ ಇರುತ್ತದೆ, ಫ್ರೀಜರಿನಲ್ಲಿ ಎರಡು ತಿಂಗಳು. ಕೊಬ್ಬನ್ನು ಚೆಲ್ಲಬೇಡಿ, ಬಡಿಸುವಾಗ ಒಬ್ಬರಿಗೆ ಅರ್ಧ ಚಮಚ ಕರಗಿಸಿ ಮೇಲೆ ಹಾಕಿ. ಇನ್ನೂ ಉಳಿದರೆ ಅದರಲ್ಲಿ ಮೊಟ್ಟೆ ಹುರಿಯಬಹುದು, ಅಮ್ಮ ಹಾಗೆ ಮಾಡುತ್ತಾಳೆ, ಹಸಿಮೆಣಸಿನಕಾಯಿ ಕರಿಬೇವಿನ ಒಗ್ಗರಣೆ ಸಮೇತ.